ಅಂಕ ಕೊಟ್ಟವರು ಅಂಕಪಟ್ಟಿಯನ್ನೂ ಕೊಡಲಿ

ಗೆ,
ಮಾನ್ಯ ರಾಜ್ಯ ಆಯುಕ್ತರು,
ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ,
ಬೆಂಗಳೂರು



ಮಾಸಾಶನ ಹೆಚ್ಚಿಸಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ವಿಧಾನಸೌಧದಲ್ಲಿ ಕೇಳಬೇಕು, ಕೇಳುತ್ತಲೂ ಇದ್ದೇವೆ. ನನ್ನ ಕೋರಿಕೆ ಒಂದು ಹಾಳೆಯ ಬಗ್ಗೆ. ವೈದ್ಯಕೀಯ ಮಂಡಳಿಯ ಮುಂದೆ ಕೂತವನ ಅಂಗವಿಕಲತೆ ಶೇಕಡಾ ಎಷ್ಟು ಎಂದು ಲೆಕ್ಕ ಹಾಕಿದ ಹಾಳೆ ಆಸ್ಪತ್ರೆಯ ಫೈಲಿನಲ್ಲೇ ಉಳಿದುಬಿಡುತ್ತದೆ. ನಮ್ಮ ಕೈಗೆ ಬರುವುದು ಒಂದು ಸಂಖ್ಯೆ, ಕೆಳಗೆ ಸಹಿ, ಮೊಹರು. ಆ ಲೆಕ್ಕದ ಹಾಳೆಯ ಪ್ರತಿಯನ್ನು, ನಾವು ಅರ್ಜಿ ಹಾಕಿ ಕೇಳುವ ಮೊದಲೇ, ಕನ್ನಡದಲ್ಲಿ, ಪ್ರಮಾಣಪತ್ರದ ಜೊತೆಯಲ್ಲಿಯೇ ಕೊಡುವಂತೆ ತಾವು ಮಾಡಬೇಕು.

ಆ ಒಂದು ಸಂಖ್ಯೆಯ ಮೇಲೆ ಏನೇನು ನಿಂತಿದೆ ಎಂಬುದು ತಮಗೆ ತಿಳಿಯದ್ದಲ್ಲ. ಶೇ 40 ಮುಟ್ಟದವನಿಗೆ ಮಾಸಾಶನವಿಲ್ಲ, ರಿಯಾಯಿತಿ ಬಸ್ ಪಾಸಿಲ್ಲ, ಮೀಸಲಾತಿಯಿಲ್ಲ. ಮುಟ್ಟಿದರೆ ರಾಜ್ಯ ಸರ್ಕಾರದ ₹800; ಶೇ 75ರ ಗೆರೆ ದಾಟಿದರೆ ₹1,400. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲ ಪಿಂಚಣಿಗೆ ಶೇ 80 ಆಗಿರಬೇಕು, ಜೊತೆಗೆ ಬಿಪಿಎಲ್ ಕುಟುಂಬವೂ ಆಗಿರಬೇಕು. ಕರಾವಳಿಯ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿಗೆ ಮಾತ್ರ ಗೆರೆ ಶೇ 25ರಿಂದಲೇ ಶುರು, ಶೇ 60 ದಾಟಿದವರಿಗೆ ಹೆಚ್ಚಿನ ಮೊತ್ತ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಬಣ್ಣವೂ ಇದೆ: ಶೇ 40ಕ್ಕಿಂತ ಕೆಳಗಿದ್ದರೆ ಬಿಳಿ, ಅಲ್ಲಿಂದ ಶೇ 80 ಮುಟ್ಟುವವರೆಗೆ ಹಳದಿ, ಆಮೇಲೆ ನೀಲಿ. 2011ರ ಜನಗಣತಿಯ ಪ್ರಕಾರವೇ ರಾಜ್ಯದಲ್ಲಿ 13,24,205 ಅಂಗವಿಕಲರಿದ್ದರು. ಆಗ ಕಾನೂನು ಗುರುತಿಸಿದ್ದು ಏಳು ಬಗೆಯನ್ನು. 2016ರ ಅಧಿನಿಯಮ 21 ಬಗೆಗಳನ್ನು ಗುರುತಿಸುತ್ತದೆ.

ಈ ಶೇಕಡಾವನ್ನು ವೈದ್ಯರು ಕಣ್ಣಂದಾಜಿನಲ್ಲಿ ಬರೆಯುವುದಿಲ್ಲ. ಅಳೆಯುವ ಮಾರ್ಗಸೂಚಿ ಇದೆ. 2018ರ ಜನವರಿ 4ರಂದು ಕೇಂದ್ರದ ರಾಜ್ಯಪತ್ರದಲ್ಲಿ ಅದು ಪ್ರಕಟವಾಯಿತು, 2024ರ ಮಾರ್ಚ್‌ನಲ್ಲಿ ಪರಿಷ್ಕೃತವಾಯಿತು. ಮಾನಸಿಕ ಕಾಯಿಲೆಗೆ ‘ಐಡಿಯಾಸ್’ ಎಂಬ ಮಾಪಕ, ಆಟಿಸಂಗೆ ‘ಐಎಸ್‌ಎಎ’ ಎಂಬ ಮಾಪಕ, ಕೈಕಾಲಿಗೆ ಕೀಲುಗಳ ಚಲನೆ ಮತ್ತು ಸ್ನಾಯುಗಳ ಬಲದ ಲೆಕ್ಕ. ರಾಜ್ಯಪತ್ರದಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ಮಂಡಳಿಯ ಬಾಗಿಲಲ್ಲಿ ಬೆಂಚಿನ ಮೇಲೆ ಕೂತವರಿಗೆ ಅದು ತಿಳಿದಿದೆ ಎಂದಾಗುವುದಿಲ್ಲ. ತಿಳಿಯದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯ ಉದಾಹರಣೆಯಿಂದಲೇ ಹೇಳುತ್ತೇನೆ.

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ. ಪಿಯುಸಿಯಲ್ಲಿದ್ದಾಗ ಶುರುವಾಯಿತು, ಈಗ ಅವನಿಗೆ ನಲವತ್ತು ದಾಟಿದೆ. ಮಂಡಳಿಯ ಮುಂದೆ ಅವನ ಪರವಾಗಿ ಉತ್ತರ ಹೇಳಿದ್ದು ಅಮ್ಮ. “ಸ್ನಾನ ಮಾಡ್ತಾನಾ?” “ಮಾಡ್ತಾನೆ ಸಾರ್.” “ಊಟ?” “ಅವನೇ ಮಾಡ್ಕೋತಾನೆ.” “ಜನರ ಜೊತೆ ಮಾತಾಡ್ತಾನಾ?” “ಮಾತಾಡ್ತಾನೆ ಸಾರ್, ಯಾರಿಗೂ ತೊಂದರೆ ಕೊಟ್ಟವನಲ್ಲ.” ಒಂದೂ ಸುಳ್ಳಲ್ಲ. ಆದರೆ ಹಂಡೆಯಲ್ಲಿ ನೀರು ಕಾಯಿಸಿ, ಟವೆಲ್ ಹಿಡಿದು, ಬಚ್ಚಲ ಬಾಗಿಲಲ್ಲಿ ನಿಂತು ಅಮ್ಮ ಕರೆಯುತ್ತಲೇ ಇದ್ದರೆ ಮಾತ್ರ ಅವನು ಸ್ನಾನಕ್ಕೆ ಏಳುತ್ತಾನೆ. ತಟ್ಟೆ ಎದುರಿಗೆ ಬರದಿದ್ದರೆ ಇಡೀ ದಿನ ಹಸಿದೇ ಇರುತ್ತಾನೆ. ಮಾತಾಡುವ ‘ಜನ’ ಎಂದರೆ ಅಮ್ಮ ಮತ್ತು ನಾನು. ಇಷ್ಟನ್ನೂ ಹೇಳಬೇಕು ಎಂದು ಅಮ್ಮನಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಎದುರಿಗೇ ಕೂತ ಮಗನ ಬಗ್ಗೆ ಪರಿಚಯವಿಲ್ಲದ ನಾಲ್ಕು ಜನರ ಮುಂದೆ ಹಾಗೆಲ್ಲ ಹೇಳಲು ಬಾಯಿ ಬರುತ್ತಿರಲಿಲ್ಲ. ಯಾವ ತಾಯಿಗೆ ಬರುತ್ತದೆ?

ಆದರೆ ಐಡಿಯಾಸ್ ಮಾಪಕ ಕೇಳುವುದೇ ಅದನ್ನು. ತನ್ನ ಆರೈಕೆ ತಾನು ಮಾಡಿಕೊಳ್ಳುವುದು, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ಕೆಲಸ ಎಂಬ ನಾಲ್ಕು ಕ್ಷೇತ್ರಗಳು. ಪ್ರತಿಯೊಂದಕ್ಕೂ 0ಯಿಂದ 4ರವರೆಗೆ ಅಂಕ. ತೊಂದರೆ ಹೆಚ್ಚಿದಷ್ಟೂ ಅಂಕ ಹೆಚ್ಚು. ಕಾಯಿಲೆ ಎಷ್ಟು ಕಾಲದಿಂದ ಇದೆ ಎಂಬುದಕ್ಕೆ ಬೇರೆ ಅಂಕ. ಎಲ್ಲ ಸೇರಿ 20. ಮೊತ್ತ 6 ಬಂದರೆ ಶೇ 40ಕ್ಕಿಂತ ಕೆಳಗೆ, 7 ಬಂದರೆ ಶೇ 40 ಮುಟ್ಟಿದಂತೆ. ನಡುವೆ ಇರುವುದು ಒಂದೇ ಅಂಕ. ‘ಸ್ನಾನ ಮಾಡ್ತಾನೆ’ ಎಂಬುದಕ್ಕೂ ‘ದಿನಾ ಎಬ್ಬಿಸಿ ಕಳಿಸಬೇಕು’ ಎಂಬುದಕ್ಕೂ ಇರುವ ಅಂತರ ಅಷ್ಟೇ ಇದ್ದೀತು.

ಕಾಯಿಲೆಯ ಅವಧಿಗೂ ಅಂಕವಿದೆ ಎಂದು ಮೊದಲೇ ತಿಳಿದಿದ್ದರೆ ಅಮ್ಮ ಮನೆಯ ಟ್ರಂಕಿನಲ್ಲಿ ಜೋಪಾನ ಮಾಡಿಟ್ಟ ಹಳೆಯ ಚೀಟಿಗಳನ್ನು ತರುತ್ತಿದ್ದರು. ಮೊದಲ ಬಾರಿ ತೋರಿಸಿದ ದಿನದ ಹೊರರೋಗಿ ಚೀಟಿ, ಮಾತ್ರೆ ಬದಲಿಸಿದಾಗಿನ ಬರಹ, ಒಂದನ್ನೂ ಅವರು ಎಸೆದಿಲ್ಲ. ‘ಆಧಾರ್, ರೇಷನ್ ಕಾರ್ಡ್, ಫೋಟೊ ತನ್ನಿ’ ಎಂದಷ್ಟೇ ಹೇಳಿದ್ದರು, ಅಷ್ಟನ್ನೇ ಒಯ್ದರು. ಬಂದ ಪ್ರಮಾಣಪತ್ರದಲ್ಲಿ ಶೇ 40 ಆಗಿರಲಿಲ್ಲ. ಯಾವ ಕ್ಷೇತ್ರಕ್ಕೆ ಎಷ್ಟು ಅಂಕ ಬಿತ್ತು, ಅವಧಿಗೆ ಎಷ್ಟು ಹಾಕಿದರು ಎಂಬುದು ಇವತ್ತಿಗೂ ನಮಗೆ ಗೊತ್ತಿಲ್ಲ. ತಮ್ಮನೇ ಸಹಿ ಮಾಡಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ. ‘ವೈಯಕ್ತಿಕ ಮಾಹಿತಿ, ಕೊಡಲು ಬರುವುದಿಲ್ಲ’ ಎಂದು ಉತ್ತರ ಬಂತು. ಅದು ಅವನದೇ ಮಾಹಿತಿ, ಮಾನ್ಯರೇ. ಬೇರೆಯವರಿಂದ ಕಾಪಾಡಬೇಕಾದದ್ದನ್ನು ಅವನಿಂದಲೇ ಮುಚ್ಚಿಟ್ಟರು.

ನಿಯಮಗಳಲ್ಲಿ ಒಂದು ಸಂದು ಇದೆ, ತಾವು ಅದನ್ನು ವಿಶೇಷವಾಗಿ ಗಮನಿಸಬೇಕು. ಅರ್ಜಿಯನ್ನು ತಿರಸ್ಕರಿಸಿದರೆ ಕಾರಣ ಬರೆದು ತಿಳಿಸಬೇಕು ಎಂದು 2017ರ ನಿಯಮಗಳು ಹೇಳುತ್ತವೆ, ಅದಕ್ಕೊಂದು ನಮೂನೆಯೂ ಇದೆ. ಆದರೆ ಶೇ 35 ಎಂದೋ ಶೇ 38 ಎಂದೋ ಬರೆದು ಕೊಟ್ಟರೆ ಅದು ತಿರಸ್ಕಾರ ಎನಿಸಿಕೊಳ್ಳುವುದಿಲ್ಲ. ಪ್ರಮಾಣಪತ್ರ ಕೊಟ್ಟಂತೆಯೇ ಲೆಕ್ಕ. ಹಾಗಾಗಿ ಕಾರಣ ಹೇಳುವ ಹೊಣೆಯೂ ಅಲ್ಲಿಗೆ ಮುಗಿಯುತ್ತದೆ. ಸೌಲಭ್ಯವೇನೂ ಸಿಗದೆ ಬಿಳಿ ಕಾರ್ಡ್ ಹಿಡಿದು ಹೊರಬರುವವನಿಗೆ ಕಾರಣವೂ ಸಿಗುವುದಿಲ್ಲ. ಕಾರಣ ತೀರಾ ಬೇಕಾಗಿರುವುದು ಅವನಿಗೇ. ಅಧಿನಿಯಮದ 59ನೇ ಸೆಕ್ಷನ್ ಮೇಲ್ಮನವಿಯ ಹಕ್ಕು ಕೊಟ್ಟಿದೆ, ನಿಜ. ಎಲ್ಲಿ ತಪ್ಪಾಗಿದೆ ಎಂದು ತಿಳಿಯದೆ ಯಾವ ಆಧಾರದ ಮೇಲೆ ಮೇಲ್ಮನವಿ ಬರೆಯುವುದು? ‘ದಯವಿಟ್ಟು ಜಾಸ್ತಿ ಮಾಡಿ’ ಎಂದು ಬೇಡಿಕೊಳ್ಳಬಹುದು, ಅಷ್ಟೇ. ಹಕ್ಕನ್ನು ಹೀಗೆ ಬೇಡುವ ಸ್ಥಿತಿಗೆ ನಮ್ಮ ಜನರನ್ನು ತರಬಾರದು.

ಲೆಕ್ಕ ಕೊಡದಿರುವುದರಿಂದ ಪ್ರಾಮಾಣಿಕ ವೈದ್ಯರ ಮೇಲೂ ಅನುಮಾನ ಹುಟ್ಟುತ್ತದೆ. ಒಬ್ಬರಿಗೆ ಕಾಲಿನ ತೊಂದರೆ ಶೇ 30, ಕಿವಿಯದು ಶೇ 20 ಎಂದುಕೊಳ್ಳಿ. ಕೂಡಿದರೆ 50 ಆಗಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಮಾರ್ಗಸೂಚಿಯ ಸೂತ್ರ ಬೇರೆ. ದೊಡ್ಡ ಸಂಖ್ಯೆಯನ್ನು 90ರಲ್ಲಿ ಕಳೆದು, ಉಳಿದದ್ದನ್ನು ಚಿಕ್ಕ ಸಂಖ್ಯೆಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಸಂಖ್ಯೆಗೆ ಸೇರಿಸಬೇಕು. ಈ ಲೆಕ್ಕದಲ್ಲಿ ಸುಮಾರು ಶೇ 43 ಬರುತ್ತದೆ. ಸೂತ್ರ ಗೊತ್ತಿಲ್ಲದವನು ‘ಏಳು ಪರ್ಸೆಂಟ್ ತಿಂದುಬಿಟ್ಟರು, ದುಡ್ಡು ಕೊಟ್ಟಿದ್ದರೆ ಕೊಡುತ್ತಿದ್ದರೋ ಏನೋ’ ಎಂದು ಕೊರಗುತ್ತಾನೆ. ಇನ್ನೊಂದು ಮಂಡಳಿ ಕಿವಿಯನ್ನು ನೋಡದೆ ಕಾಲಿಗಷ್ಟೇ ಶೇ 30 ಎಂದು ಬರೆದು ಕಳಿಸಿರಬಹುದು. ಆಗ ನಿಜವಾಗಿಯೂ ಅನ್ಯಾಯವಾಗಿರುತ್ತದೆ. ಹೊರಗಿನಿಂದ ನೋಡಿದರೆ ಎರಡು ಪ್ರಮಾಣಪತ್ರಗಳೂ ಒಂದೇ ಥರ ಕಾಣುತ್ತವೆ. ನಾಲ್ಕು ಸಾಲಿನ ಲೆಕ್ಕ ಬರೆದುಕೊಟ್ಟರೆ ಮೊದಲನೆಯವನ ಕೊರಗು ಹೋಗುತ್ತದೆ, ಎರಡನೆಯವನಿಗೆ ಮೇಲ್ಮನವಿಯ ದಾರಿ ಕಾಣುತ್ತದೆ.

ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಅಂಕ ಕಡಿಮೆ ಬಂದರೆ ಉತ್ತರಪತ್ರಿಕೆಯ ಪ್ರತಿ ತರಿಸಿ, ಯಾವ ಪ್ರಶ್ನೆಗೆ ಎಷ್ಟು ಬಿತ್ತು ಎಂದು ನೋಡುತ್ತಾರೆ. ಮೌಲ್ಯಮಾಪನವಾದ ಉತ್ತರಪತ್ರಿಕೆ ನೋಡುವುದು ಪರೀಕ್ಷೆ ಬರೆದವರ ಹಕ್ಕು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಆದಿತ್ಯ ಬಂಡೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ಒಂದು ವಿಷಯದ ಅಂಕಕ್ಕೆ ಇಷ್ಟು ಪಾರದರ್ಶಕತೆ ಇದ್ದರೆ, ಒಬ್ಬ ಮನುಷ್ಯನ ತಿಂಗಳ ಅನ್ನಕ್ಕೆ ಇನ್ನೂ ಹೆಚ್ಚು ಇರಬೇಕು.

ಕಾನೂನು ಇದಕ್ಕೆ ಅಡ್ಡ ನಿಂತಿಲ್ಲ. ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣಗಳನ್ನು ತಿಳಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಹೇಳುತ್ತದೆ. ರೋಗಿ ಕೇಳಿದರೆ ವೈದ್ಯಕೀಯ ದಾಖಲೆಯನ್ನು 72 ಗಂಟೆಯೊಳಗೆ ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಲ್ಲಿದೆ. 2024ರ ಅಕ್ಟೋಬರ್‌ನಲ್ಲಿ ಓಂಕಾರ್ ಗೊಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂಗವಿಕಲತೆ ಮಂಡಳಿಗಳು ಬರಿಯ ಶೇಕಡಾ ನೋಡಿ ಕೈತೊಳೆದುಕೊಳ್ಳುವಂತಿಲ್ಲ, ಅನರ್ಹ ಎನ್ನುವುದಾದರೆ ಕಾರಣ ಬರೆಯಬೇಕು ಎಂದಿತು. ಆ ಪ್ರಕರಣ ವೈದ್ಯಕೀಯ ಕಾಲೇಜಿನ ಪ್ರವೇಶಕ್ಕೆ ಸಂಬಂಧಿಸಿದ್ದು. ಎಂಬಿಬಿಎಸ್ ಸೀಟು ಕೇಳಿ ದೆಹಲಿಯವರೆಗೆ ಹೋದವರಿಗೆ ಸಿಕ್ಕಿದ್ದು, ಎಂಟುನೂರು ರೂಪಾಯಿಗೆ ನಾಡಕಚೇರಿಯ ಮುಂದೆ ನಿಂತವರಿಗೂ ಸಿಗಲಿ.

ಅಳತೆಗೋಲನ್ನು ಬಹಿರಂಗ ಮಾಡಿದರೆ ಜನ ಅದಕ್ಕೆ ತಕ್ಕಂತೆ ನಾಟಕ ಆಡುತ್ತಾರೆ ಎಂದು ಕೆಲವು ವೈದ್ಯರು ನನ್ನ ಬಳಿಯೇ ಹೇಳಿದ್ದಾರೆ. ಅವರ ಆತಂಕವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2024ರಲ್ಲಿ ಐಎಎಸ್ ಪ್ರೊಬೇಷನರ್ ಒಬ್ಬರ ಪ್ರಮಾಣಪತ್ರದ ವಿವಾದ ದೇಶವೆಲ್ಲ ಸುದ್ದಿಯಾದ ಮೇಲೆ, ನಿಜವಾದ ಅಂಗವಿಕಲರನ್ನೂ ಕಳ್ಳರಂತೆ ನೋಡುವುದು ಹೆಚ್ಚಾಯಿತು. ಆದರೆ ಮೋಸ ಮಾಡುವವರಿಗೆ ಮಾಪಕ ಈಗಾಗಲೇ ಗೊತ್ತು. ದಲ್ಲಾಳಿಗಳಿಗೆ ಬಾಯಿಪಾಠ ಇದೆ. ಗೊತ್ತಿಲ್ಲದಿರುವುದು ನಮ್ಮ ಅಮ್ಮನಂಥವರಿಗೆ. ಪ್ರತಿ ಅಂಕದ ಎದುರಿಗೂ ‘ಇದನ್ನು ನೋಡಿ ಇಷ್ಟು ಕೊಟ್ಟೆ’ ಎಂದು ಒಂದು ಸಾಲು ಬರೆಯಬೇಕಾದಾಗ ಸುಳ್ಳು ಪ್ರಮಾಣಪತ್ರ ಕೊಡುವುದೂ ಕಷ್ಟವಾಗುತ್ತದೆ.

ಹಾಳೆ ಕೊಟ್ಟರೆ ಸಾಲದು, ಅದು ಓದಲು ಬರುವಂತಿರಬೇಕು. ಸರ್ಕಾರದ ಎಷ್ಟೋ ಸುತ್ತೋಲೆಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿ ಬರುತ್ತವೆ, ಇಲ್ಲವೇ ಯೂನಿಕೋಡ್ ಅಲ್ಲದ, ಹಳೆಯ ‘ನುಡಿ’ ತಂತ್ರಾಂಶದ ಅಕ್ಷರಗಳಲ್ಲಿರುತ್ತವೆ. ಅಂಧರು ಬಳಸುವ ಸ್ಕ್ರೀನ್ ರೀಡರ್‌ಗೆ ಮೊದಲನೆಯದರಲ್ಲಿ ಅಕ್ಷರವೇ ಇಲ್ಲ, ಎರಡನೆಯದನ್ನು ಅದು ಅರ್ಥವಿಲ್ಲದ ಸದ್ದುಗಳಾಗಿ ಓದುತ್ತದೆ. ಕಿವುಡರಿಗೆ ಮಂಡಳಿಯ ಕೋಣೆಯಲ್ಲಿ ಸನ್ನೆ ಭಾಷೆ ಬಲ್ಲವರು ಬೇಕು. ಇಂಥವರಿಗೆ ಮಾಹಿತಿ ತಲುಪಲು ಬೇಕಾದ ನೆರವನ್ನು ಮಾಹಿತಿ ಅಧಿಕಾರಿಯೇ ಒದಗಿಸಬೇಕು ಎಂದು ಮಾಹಿತಿ ಹಕ್ಕು ಕಾಯ್ದೆಯ 7(4)ನೇ ಸೆಕ್ಷನ್ ಹೇಳಿದೆ. ಅದನ್ನು ಕೇಳಿ ಪಡೆದವರು ನನಗಂತೂ ಸಿಕ್ಕಿಲ್ಲ.

ಮಂಡಳಿಯ ಮುಂದೆ ಹೋಗುವ ಮೊದಲೇ ಮನೆಯವರಿಗೆ ವಿಷಯ ತಿಳಿಸುವ ಕೆಲಸಕ್ಕೆ ಹೊಸ ಹುದ್ದೆ ಬೇಡ. ಗ್ರಾಮ ಪಂಚಾಯಿತಿಗೆ ಒಬ್ಬರಂತೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ (ವಿ.ಆರ್.ಡಬ್ಲ್ಯು.), ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ (ಎಂ.ಆರ್.ಡಬ್ಲ್ಯು.). ಅಲ್ಪ ಗೌರವಧನಕ್ಕೆ, ತಾವೂ ಅಂಗವಿಕಲರಾಗಿದ್ದುಕೊಂಡು, ಮನೆಮನೆ ತಿರುಗುವವರು ಅವರು. ಯಾವ ಅಂಗವಿಕಲತೆಗೆ ಏನನ್ನು ಅಳೆಯುತ್ತಾರೆ, ಯಾವ ಹಳೆಯ ದಾಖಲೆ ಒಯ್ಯಬೇಕು, ದಿನಚರಿಯನ್ನು ಮುಚ್ಚುಮರೆಯಿಲ್ಲದೆ ಹೇಗೆ ಹೇಳಬೇಕು ಎಂಬ ಕನ್ನಡದ ಕೈಪಿಡಿಯನ್ನು ಅವರ ಕೈಗೆ ಕೊಡಿ. ಮಗನ ಎದುರಿಗೆ ಹೇಳಲಾಗದ ಮಾತನ್ನು ತಾಯಿ ಮೊದಲೇ ಬರೆಸಿ ತರಬಹುದು.

ಇನ್ನು, ಜಿಲ್ಲಾವಾರು ಅಂಕಿಅಂಶ. ಎಷ್ಟು ಜನರನ್ನು ಪರೀಕ್ಷಿಸಿದರು, ಯಾವ ಬಗೆಯ ಅಂಗವಿಕಲತೆಯಲ್ಲಿ ಎಷ್ಟು ಜನ ಶೇ 40ರ ಕೆಳಗೆ ಉಳಿದರು, ಎಷ್ಟು ಮೇಲ್ಮನವಿಗಳು ಬಂದು ಎಷ್ಟು ಗೆದ್ದವು ಎಂಬುದನ್ನು ಹೆಸರುಗಳಿಲ್ಲದೆ ಪ್ರತಿ ವರ್ಷ ಪ್ರಕಟಿಸಬೇಕು. 2021ರ ಜೂನ್‌ನಿಂದ ಪ್ರಮಾಣಪತ್ರಗಳೆಲ್ಲ ಯುಡಿಐಡಿ ಪೋರ್ಟಲ್ ಮೂಲಕವೇ ಆಗುತ್ತಿರುವುದರಿಂದ ಲೆಕ್ಕ ತೆಗೆಯುವುದು ಕಷ್ಟವಲ್ಲ. ಜಿಲ್ಲೆಯಿಂದ ಜಿಲ್ಲೆಗೆ ಅಳತೆ ಬದಲಾಗುತ್ತಿದ್ದರೆ ಅದರಲ್ಲೇ ತಿಳಿಯುತ್ತದೆ.

ದೂರಿಗೆ ಕಾಯದೆ, ತಾವಾಗಿಯೇ ವಿಚಾರಿಸಿ ಶಿಫಾರಸು ಮಾಡುವ ಅಧಿಕಾರವನ್ನು ಅಧಿನಿಯಮದ 80ನೇ ಸೆಕ್ಷನ್ ತಮಗೆ ಕೊಟ್ಟಿದೆ. 82ನೇ ಸೆಕ್ಷನ್ ಸಿವಿಲ್ ನ್ಯಾಯಾಲಯದ ಅಧಿಕಾರ ಕೊಟ್ಟಿದೆ. ಶಿಫಾರಸು ತಲುಪಿದ ಇಲಾಖೆ ಮೂರು ತಿಂಗಳೊಳಗೆ ಏನು ಮಾಡಿದೆ ಎಂದು ತಮಗೆ ವರದಿ ಕೊಡಬೇಕು, ಒಪ್ಪದಿದ್ದರೆ ಕಾರಣ ಹೇಳಬೇಕು. ಆರೋಗ್ಯ ಇಲಾಖೆಗೆ ತಾವು ಒಂದು ಶಿಫಾರಸು ಬರೆಯಿರಿ. ಪ್ರಮಾಣಪತ್ರದ ಜೊತೆ ಲೆಕ್ಕದ ಹಾಳೆ ಇರಲಿ. ಆ ಹಾಳೆಯ ಕೆಳಗೆ ಮೇಲ್ಮನವಿ ಯಾರಿಗೆ, ಎಷ್ಟು ದಿನದೊಳಗೆ, ಯಾವ ವಿಳಾಸಕ್ಕೆ ಎಂಬುದು ದಪ್ಪ ಅಕ್ಷರದಲ್ಲಿರಲಿ. ಈಗಾಗಲೇ ಪ್ರಮಾಣಪತ್ರ ಪಡೆದವರು ಕೇಳಿದರೆ ಅವರ ಹಳೆಯ ಹಾಳೆಯ ಪ್ರತಿಯನ್ನೂ ಕೊಡಲಿ.

ತಮ್ಮನನ್ನು ಮರುಪರೀಕ್ಷೆಗೆ ಕರೆದೊಯ್ಯಬೇಕಿದೆ. ಅಮ್ಮ ಈ ಸಲ ಟ್ರಂಕಿನ ಚೀಟಿಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದಾರೆ. ಹಿಂದಿನ ಹಾಳೆಯ ಪ್ರತಿ ಸಿಕ್ಕರೆ ಅದನ್ನೂ ಮಂಡಳಿಯ ಮುಂದಿಡುತ್ತೇವೆ. ಸಿಗದಿದ್ದರೆ, ಹೋದ ಸಲ ಯಾವುದಕ್ಕೆ ಎಷ್ಟು ಅಂಕ ಹಾಕಿದ್ದರು ಎಂದು ತಿಳಿಯದೆಯೇ ಮತ್ತೆ ಅದೇ ಪ್ರಶ್ನೆಗಳಿಗೆ ಉತ್ತರ ಹೇಳಬೇಕು.


ಮಲೆನಾಡಿನ ತಾಲ್ಲೂಕೊಂದರಿಂದ,
ಒಬ್ಬ ಅಕ್ಕ