ಅಂಗಡಿ ಕಟ್ಟೆಯಿಂದ: ಗಾಳಿ ಗನ್ನು ಮುನಿದಾಗ

ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ ಸೀಮೆ. ಆದರೂ ದಾಳಿಂಬೆ, ದ್ರಾಕ್ಷಿ ನಮ್ಮ ಕೈ ಹಿಡಿದಿವೆ. ಮಾಲು ಲಾರಿ ಏರಬೇಕಾದರೆ ಕೆಳಗೆ ಕಟ್ಟಿಗೆಯ ಪ್ಯಾಲೆಟ್ ಬೇಕು. ಅದನ್ನು ಮಾಡಿಕೊಡುವುದು ನಮ್ಮ ಉದ್ಯೋಗ. ಮೊದಲು ಸುತ್ತಿಗೆಯಿಂದ ಬಡಿಯುತ್ತಿದ್ದೆವು, ಈಗ ಗಾಳಿಯ ಗನ್ನು ಇದೆ. ಕಂಪ್ರೆಸರಿನ ಗಾಳಿ ಒಳಗಿನ ಪಿಸ್ಟನ್ನನ್ನು ದೂಡಿದರೆ, ಅದಕ್ಕೆ ಕೂಡಿದ ಉಕ್ಕಿನ ಪಟ್ಟಿ ಮೊಳೆಯನ್ನು ಒಂದೇ ಏಟಿಗೆ ಇಳಿಸುತ್ತದೆ.

ಕಳೆದ ಹಂಗಾಮಿನಲ್ಲಿ ಈ ಗನ್ನು ಮುನಿಯಿತು. ಮೊಳೆ ಅರ್ಧಕ್ಕೇ ನಿಲ್ಲತೊಡಗಿತು. "ಸಾವಕಾರ್ರ, ಗುಂಡಿ ಹತ್ರ ಗಾಳಿ ಸೋರಾಕತ್ತೈತ್ರಿ" ಎಂದ ಬಡಿಗ ಹುಡುಗ. "ಕೆಲಸಗಳ್ಳಗ ನೆಪ ಭಾಳ" ಎಂದು ಗದರಿದೆವು. ಗಾಳಿಯ ಒತ್ತಡ ಏರಿಸಿದೆವು. ಬೇಗ ಆಗಲೆಂದು ಮೂತಿಯ ಕೊಂಡಿಯನ್ನೂ ತಂತಿಯಿಂದ ಕಟ್ಟಿಸಿದೆವು. ಆ ಕೊಂಡಿ ಕಟ್ಟಿಗೆಗೆ ಒತ್ತಿದ ಹೊರತು ಮೊಳೆ ಹಾರಬಾರದೆಂದೇ ಅದನ್ನು ಇಟ್ಟಿರುತ್ತಾರೆ. ಮೂರನೇ ದಿನ ಹುಡುಗ ಹಲಗೆ ಹೊರಳಿಸುವಾಗ ಬೆರಳು ಗುಂಡಿಗೆ ತಾಗಿತು. ಮೊಳೆ ಅವನ ಎಡಗೈಯಿಂದ ಎರಡು ಬೆರಳು ಆಚೆ ನಟ್ಟಿತು. ಅವನ ಮುಖ ನೋಡಲು ನಮಗೆ ಧೈರ್ಯವಾಗಲಿಲ್ಲ.

ಅಂದೇ ಕೆಲಸ ನಿಲ್ಲಿಸಿ ಗನ್ನನ್ನು ಸಾಂಗಲಿಗೆ ಒಯ್ದೆವು. ಮಿಸ್ತ್ರಿ ಬಿಚ್ಚಿ ತೋರಿಸಿದರು: ಒಳಗೆ ಕರಿ ನೀರು, ಉಬ್ಬಿದ ರಬ್ಬರ್ ರಿಂಗುಗಳು. ಯಾವ ಎಣ್ಣೆ ಹಾಕುತ್ತೀರೆಂದು ಕೇಳಿದರು. ಗಾಡಿಯಿಂದ ತೆಗೆದ ಹಳೆ ಎಂಜಿನ್ ಎಣ್ಣೆ! ಉಳಿತಾಯವೆಂದು ಹಾಕಿಸಿದವರು ನಾವೇ.

ಅವರಿಂದ ಕಲಿತದ್ದನ್ನು ವಾಚಕರಿಗೂ ಹೇಳುತ್ತೇವೆ. ಗನ್ನಿಗೆ ಕೈ ಹಚ್ಚುವ ಮೊದಲು ಗಾಳಿಯ ಪೈಪು ಬಿಚ್ಚಬೇಕು. ಸಿಕ್ಕ ಮೊಳೆಯನ್ನು ಆಮೇಲೆಯೇ ತೆಗೆಯಬೇಕು. ಸೋರುವ ಜಾಗ ಹುಡುಕುವಾಗ ಮಾತ್ರ ಮೊಳೆ ಖಾಲಿ ಮಾಡಿ ಪೈಪು ಜೋಡಿಸಬೇಕು, ಮೂತಿ ಯಾರ ಕಡೆಗೂ ಇರಬಾರದು. ಗುಂಡಿಯ ಹತ್ತಿರ ಸೋರಿದರೆ ಅಲ್ಲಿನ ವಾಲ್ವಿನ ರಿಂಗು ಸವೆದಿರುತ್ತದೆ. ಮೇಲಿನ ಮುಚ್ಚಳದಲ್ಲಿ ಸೋರಿದರೆ ಬೋಲ್ಟು ಸಡಿಲ ಅಥವಾ ಗ್ಯಾಸ್ಕೆಟ್ ಹೋಗಿರುತ್ತದೆ. ಸೋರಿಕೆ ಇಲ್ಲದೆಯೂ ಮೊಳೆ ಪೂರಾ ಇಳಿಯದಿದ್ದರೆ ಒತ್ತಡ ಕಡಿಮೆ ಇದ್ದೀತು, ಇಲ್ಲವೆ ಪಟ್ಟಿ ಸವೆದೀತು. ಏಟು ಬಿದ್ದೂ ಮೊಳೆ ಬರದಿದ್ದರೆ ಮೊಳೆಯ ಅಳತೆ, ದೂಡುವ ಸ್ಪ್ರಿಂಗು, ಕೂತ ಧೂಳು ನೋಡಬೇಕು. ಒತ್ತಡ ಸಾಮಾನ್ಯವಾಗಿ 5ರಿಂದ 7 ಕೆ.ಜಿ. ಸಾಕು, ಗನ್ನಿನ ಮೇಲೆ ಬರೆದ ಮಿತಿ ಮೀರಬಾರದು. ಗಾಳಿ ಒತ್ತಿದಾಗ ಅದರೊಳಗಿನ ತೇವ ನೀರಾಗಿ ಟಾಕಿಯ ತಳಕ್ಕಿಳಿಯುತ್ತದೆ. ದಿನಾ ಸಂಜೆ ಕೆಳಗಿನ ನಳ ಬಿಚ್ಚಿ ಅದನ್ನು ಬಿಡಬೇಕು. ಮುಂಜಾನೆ ಗಾಳಿ ಉಪಕರಣದ ಎಣ್ಣೆಯನ್ನೇ ನಾಲ್ಕು ಹನಿ ಹಾಕಬೇಕು.

ರಿಂಗುಗಳಿಗೆ ಹೋದ ಹಣ ಅಲ್ಪ. ನಾವು ಉಳಿಸಹೊರಟದ್ದು ಅದಕ್ಕಿಂತ ಅಲ್ಪ. ಪಣಕ್ಕಿಟ್ಟದ್ದು ಮಾತ್ರ ಪರರ ಮಗನ ಕೈ. ಊರಿಗೆ ಬಂದವರೇ ಮೊದಲು ತಂತಿ ಕತ್ತರಿಸಿ ಒಗೆದೆವು. ಕ್ಷಮಾವಣಿಯ ದಿನಕ್ಕೆ ಕಾಯದೆ ಹುಡುಗನನ್ನು ಕರೆದು, "ತಮ್ಮಾ, ತಪ್ಪು ನಮ್ಮದು" ಎಂದೆವು. ಅವನು ನಕ್ಕು, "ಇನ್ನ ಎಣ್ಣಿ ಡಬ್ಬಿ ನನ್ನ ಕಡೆ ಕೊಡ್ರಿ" ಎಂದ. ಈಗ ಅದು ಅವನ ಬಳಿಯೇ ಇದೆ.