ಎಲೆಯಿಲ್ಲದ ಮರ

ಕೆನಡಾ ದೇಶದ ಚಿತ್ರಕಾರನಾದ ಲಾರೆನ್ ಹ್ಯಾರಿಸನು 1926ರಲ್ಲಿ ಬರೆದ ಚಿತ್ರವೊಂದರ ಪ್ರತಿಯನ್ನು ಮೊನ್ನೆ ನಮ್ಮ ನಡುಮನೆಯಲ್ಲಿ ತೂಗುಹಾಕಿದೆವು. ಮೂಲಚಿತ್ರವು ಆಟವಾ ನಗರದ ರಾಷ್ಟ್ರೀಯ ಚಿತ್ರಶಾಲೆಯಲ್ಲಿರುವುದು. ಸುಪೀರಿಯರ್ ಎಂಬ ಮಹಾಸರೋವರದ ಉತ್ತರ ತೀರ. ದಡದ ಮೇಲೆ ಒಣಗಿ ನಿಂತ ಮರದ ಮೋಟು. ಹಿಂದೆ ನೀರು, ಮೇಲೆ ಆಕಾಶ. ಇಷ್ಟೆ.

“ತಾತ, ಈ ಮರಕ್ಕೆ ಒಂದೆಲೆಯೂ ಇಲ್ಲವಲ್ಲ, ಇದನ್ನೇಕೆ ತಂದಿರಿ?” ಎಂದು ಮೊಮ್ಮಗಳು ಕೇಳಿದಳು. ಶುಭಕಾರ್ಯಗಳು ನಡೆಯುವ ಮನೆಗೆ ಒಣಮರವು ತಕ್ಕುದಲ್ಲವೆಂದು ಅವಳ ಅಜ್ಜಿಯ ಮತ. ಉತ್ತರ ಹೇಳುವ ಹೊಣೆ ನನ್ನ ಮೇಲೆ ಬಿದ್ದಿತು.

ಹ್ಯಾರಿಸನು 1885ರಲ್ಲಿ ಹುಟ್ಟಿದವನು. ಬೇಸಾಯದ ಯಂತ್ರಗಳನ್ನು ತಯಾರಿಸುತ್ತಿದ್ದ ಸಿರಿವಂತ ಮನೆತನ. ಅನ್ನಬಟ್ಟೆಗಳ ಚಿಂತೆಯೆಂಬುದನ್ನು ಅವನು ಕಂಡವನಲ್ಲ. ಆದರೆ 1918ರಲ್ಲಿ ಅವನ ತಮ್ಮನು ಯುದ್ಧದಲ್ಲಿ ಮಡಿದನು. ತಾನೂ ಸೈನ್ಯದಲ್ಲಿದ್ದ ಹ್ಯಾರಿಸನ ಮನಸ್ಸು ಕುಸಿದು, ಅದೇ ವರ್ಷ ಅವನನ್ನು ಸೇವೆಯಿಂದ ಬಿಡುಗಡೆ ಮಾಡಿದರು. ಚೇತರಿಸಿಕೊಳ್ಳಲೆಂದು ಅವನು ಅಲ್ಗೋಮಾ ಎಂಬ ಕಾಡುನಾಡಿಗೆ ಹೋದನು. ಅಲ್ಲಿಂದ ಮುಂದೆ, 1921ರಲ್ಲಿ, ಗೆಳೆಯನಾದ ಎ. ವೈ. ಜ್ಯಾಕ್ಸನನೊಡನೆ ಈ ಸರೋವರದ ತೀರಕ್ಕೆ ಬಂದನು. ಹಿಂದೆ ಕಾಳ್ಗಿಚ್ಚಿಗೆ ಸಿಕ್ಕಿ ಬೋಳಾಗಿದ್ದ ಆ ನೆಲವು ಅವನನ್ನು ಬಿಡಲಿಲ್ಲ. ಮತ್ತೆ ಮತ್ತೆ ಕರೆದುಕೊಂಡಿತು.

ಅವನು ಬ್ರಹ್ಮವಿದ್ಯಾ ಸಮಾಜಕ್ಕೆ ಸೇರಿದವನು. ನಮ್ಮಲ್ಲಿ ಆನಿ ಬೆಸಂಟರಿಂದ ಮನೆಮಾತಾದ ಸಮಾಜವೇ ಅದು. ಕಣ್ಣಿಗೆ ಕಾಣುವ ಪ್ರಕೃತಿಯು ಕಾಣದ ಚೈತನ್ಯದ ಹೊದಿಕೆಯೆಂಬ ನಂಬಿಕೆಯನ್ನು ಅವನು ಮಾತಿನಲ್ಲಿ ಹೇಳದೆ ಬಣ್ಣದಲ್ಲಿ ಹೇಳಲೆಳಸಿದನು. ಆದುದರಿಂದಲೇ ಆ ಮೋಟಿನ ಮೈ ಕಡೆದ ಶಿಲೆಯಂತೆ ನುಣುಪು. ರವಿವರ್ಮನ ಪಟಗಳಲ್ಲಿ ದೇವರೇ ಆಭರಣ ತೊಟ್ಟು ನಮ್ಮೆದುರಿಗೆ ಬಂದು ನಿಲ್ಲುವನು. ಇಲ್ಲಿ ಹಾಗೆ ಯಾರೂ ಬರುವುದಿಲ್ಲ. ಸತ್ತ ಮರದ ಮೇಲೆ ಬೆಳಕು ಬಿದ್ದಿದೆ. ಮರವು ಬೀಳದೆ ನಿಂತಿದೆ. ತಮ್ಮನನ್ನು ಕಳೆದುಕೊಂಡವನ ಕೈಯಿಂದ ಬಂದುದೆಂದು ನೆನೆದಾಗ ನನಗೆ ಅದು ಬರಿಯ ಮರವಾಗಿ ತೋರುವುದಿಲ್ಲ. ಚಿತ್ರಕಾರನು ಹಾಗೆಂದು ಬರೆದನೆಂದು ನಾನು ವಾದಿಸಲಾರೆ.

ಒಂದು ಆಕ್ಷೇಪಣೆಯೂ ಉಂಟು. ಚಿತ್ರವು ಅತಿ ನಿರ್ಮಲ. ಆ ತೀರವು ತಲೆತಲಾಂತರದಿಂದ ಅನಿಶಿನಾಬೆ ಜನರ ನಾಡು. ಅಲ್ಲಿ ಎಂದೂ ಯಾರೂ ಒಲೆ ಹಚ್ಚಿರಲಿಲ್ಲವೆಂಬಂತೆ ಬರೆದಿರುವನು. ಸಂಸಾರವಂದಿಗನಾದ ನನಗೆ ಇದು ಕೊರತೆಯಾಗಿಯೇ ಕಾಣುವುದು.

ಮೊಮ್ಮಗಳಿಗೆ ಇಷ್ಟೆಲ್ಲ ಹೇಳಲಿಲ್ಲ. ಬೆಳಕು ಎಲ್ಲಿಂದ ಬರುತ್ತಿದೆ ನೋಡು, ಎಂದಷ್ಟೇ ಹೇಳಿದೆನು. ಈಗ ದಿನವೂ ಶಾಲೆಗೆ ಹೊರಡುವ ಮುನ್ನ ಚಿತ್ರದ ಮುಂದೆ ನಿಂತು ಬೆರಳಿಟ್ಟು ಹುಡುಕುತ್ತಾಳೆ. ಯುಗಾದಿಯವರೆಗೆ ಅಲ್ಲಿರಲಿ, ಎಂದು ಅವಳ ಅಜ್ಜಿಯು ಗಡುವು ಕೊಟ್ಟಿದ್ದಾಳೆ.