ಪರೀಕ್ಷೆ ಬಾಯಿಗಲ್ಲ, ಕೈಗೆ ಆಗಲಿ

ಕೊಟ್ಟೂರು ಬಸ್ ನಿಲ್ದಾಣದಲ್ಲಿ ಹುಡುಗನೊಬ್ಬ ಝೆರಾಕ್ಸ್ ಹಾಳೆ ಹಿಡಿದು ಉರು ಹೊಡೆಯುತ್ತ ಕೂತಿದ್ದ. "ಪಿ.ಡಿ. ಅಂದ್ರ ಎರಡೂ ಪಾಪೆ ನಡುವಿನ ಅಂತರ. ಲೆನ್ಸೋಮೀಟರ್ ಅಂದ್ರ ಗಾಜಿನ ಪವರ್ ಅಳಿಯೋ ಯಂತ್ರ." ಕಣ್ಣು ತಪಾಸಣೆ ಮತ್ತು ಕನ್ನಡಕ ಕೊಡುವ ಕೆಲಸದ ತರಬೇತಿ ಮುಗಿಸಿದ್ದಾನೆ. ಮುಂದಿನ ವಾರ ಪ್ರಾಕ್ಟಿಕಲ್ ಪರೀಕ್ಷೆ. ನಮ್ಮಲ್ಲೊಬ್ಬರು ಮೂಗಿನ ಮೇಲಿದ್ದ ಕನ್ನಡಕ ತೆಗೆದು ಅವನ ಕೈಗೆ ಕೊಟ್ಟು, "ತಮ್ಮಾ, ಇದರ ನಂಬರ್ ಎಷ್ಟಿರಬಹುದು?" ಎಂದು ಕೇಳಿದರು.

ಅವನು ಕನ್ನಡಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕ. "ಅಣ್ಣಾ, ಮಷಿನ್ ಒಂದ್ಸಲ ತೋರಿಸ್ಯಾರ. ನಮ್ಮ ಕೈಯಾಗ ಕೊಟ್ಟಿಲ್ಲ."

ಅದೇ ವಾರ ಇನ್ನೊಬ್ಬನ ಜೊತೆ ಮಾತಾಡಿದೆವು. ಕನ್ನಡಕದಂಗಡಿಯಲ್ಲಿ ಆರು ವರ್ಷದಿಂದ ಫಿಟ್ಟಿಂಗ್ ಕೆಲಸ. ಅದೇ ಕನ್ನಡಕವನ್ನು ಅವನ ಕೈಗೆ ಕೊಟ್ಟೆವು. ಕಿಟಕಿಯ ಸರಳಿನ ಕಡೆ ಹಿಡಿದು ಮೆಲ್ಲಗೆ ಅಲುಗಾಡಿಸಿದ. ಗಾಜು ಸರಿದ ಕಡೆಗೇ ಸರಳೂ ಸರಿದರೆ ಮೈನಸ್, ಎದುರು ದಿಕ್ಕಿಗೆ ಸರಿದರೆ ಪ್ಲಸ್. ಆಮೇಲೆ ಗಾಜನ್ನು ಗುಂಡಗೆ ತಿರುಗಿಸಿದ. ಸರಳು ಕತ್ತರಿಯಂತೆ ಓರೆಯಾದರೆ ಸಿಲಿಂಡರ್ ಪವರ್ ಇದೆ ಎಂದರ್ಥ. "ಮೈನಸ್ ಎರಡರ ಸುತ್ತ ಐತಿ, ಎಡಗಣ್ಣಿಗೆ ಸ್ವಲ್ಪ ಸಿಲಿಂಡರ್ ಐತಿ" ಎಂದ. ಚೀಟಿ ತೆಗೆದು ನೋಡಿದರೆ ಸರಿಯಾಗಿತ್ತು. ಆದರೆ ಇವನು ಎಸ್ಸೆಸ್ಸೆಲ್ಸಿ ಫೇಲು. ಇವನ ಬಳಿ ಯಾವ ಸರ್ಟಿಫಿಕೇಟೂ ಇಲ್ಲ.

ಯಂತ್ರ ಮುಟ್ಟದವನು ನಾಳೆ ಸರ್ಟಿಫಿಕೇಟ್ ಪಡೆಯಬಹುದು. ಕೈಯಲ್ಲಿ ವಿದ್ಯೆ ಇರುವವನು ಜೀವನವಿಡೀ 'ಅಂಗಡಿ ಹುಡುಗ'ನಾಗಿಯೇ ಉಳಿಯಬಹುದು. ನಮ್ಮ ತಕರಾರು ಈ ಇಬ್ಬರ ಮೇಲೂ ಅಲ್ಲ. ಇವನನ್ನು ಪಾಸು ಮಾಡಿ ಅವನನ್ನು ಹೊರಗಿಡುವ ಪರೀಕ್ಷೆಯ ಮೇಲೆ. ಎಲ್ಲ ತರಬೇತಿ ಕೇಂದ್ರಗಳೂ ಹೀಗೇ ಇವೆ ಎಂದು ನಾವು ಹೇಳುವುದಿಲ್ಲ. ಒಂದು ಕಡೆ ಹೀಗಿದ್ದರೂ ಅದು ತಪ್ಪೇ. ಪ್ರಾಕ್ಟಿಕಲ್ ಎಂದ ಮೇಲೆ ಪರೀಕ್ಷೆ ಕೈಗೇ ಆಗಬೇಕು.

"ಕನ್ನಡಕ ತಾನೇ, ಅದಕ್ಯಾಕೆ ಇಷ್ಟು ಗದ್ದಲ?" ಎನ್ನುವವರಿದ್ದಾರೆ. ಅವರಿಗೆ ಸ್ವಲ್ಪ ಲೆಕ್ಕ ಕೊಡುತ್ತೇವೆ.

ಮೊದಲನೆಯದು ಗಾಜಿನ ನಡುಬಿಂದು. ಅದು ಪಾಪೆಯ ಎದುರಿಗೇ ಬರಬೇಕು. ಒಬ್ಬನಿಗೆ ಎರಡೂ ಕಣ್ಣಿಗೆ ಮೈನಸ್ 4 ಇದೆ, ಪಾಪೆಗಳ ನಡುವಿನ ಅಂತರ 60 ಮಿಲಿಮೀಟರ್ ಇದೆ ಎಂದುಕೊಳ್ಳಿ. ಅಂಗಡಿಯವನು ಅಳೆಯದೆ ಅಂದಾಜಿಗೆ 70ಕ್ಕೆ ಕೂರಿಸಿದ. ಒಂದೊಂದು ಕಣ್ಣಿಗೆ 5 ಮಿಲಿಮೀಟರ್, ಅಂದರೆ ಅರ್ಧ ಸೆಂಟಿಮೀಟರ್ ತಪ್ಪಿತು. ಅರ್ಧವನ್ನು 4ರಿಂದ ಗುಣಿಸಿದರೆ 2. ಒಂದೊಂದು ಕಣ್ಣಿಗೆ 2, ಒಟ್ಟು 4 ಪ್ರಿಸಂ ಡಯಾಪ್ಟರ್‌ನಷ್ಟು ಬೇಡದ ಎಳೆತ ಬಿತ್ತು. ಗಾಜಿನ ನಂಬರ್ ಸರಿಯಾಗಿಯೇ ಇದೆ, ಆದರೆ ಎರಡೂ ಕಣ್ಣಿನ ಸ್ನಾಯು ದಿನವಿಡೀ ಜಗ್ಗಾಡಬೇಕು. ತಲೆನೋವು ಬರುತ್ತದೆ. "ನನಗೆ ಚಾಳೀಸು ಒಗ್ಗಲಿಲ್ಲ" ಎಂದು ಅವನು ಕನ್ನಡಕವನ್ನು ಗೂಡಿನಲ್ಲಿಡುತ್ತಾನೆ. ಚಾಳೀಸು ಒಗ್ಗದೆ ಇರಲಿಲ್ಲ, ಕೂರಿಸಿದವನು ಅಳತೆ ತೆಗೆದಿರಲಿಲ್ಲ.

ಎರಡನೆಯದು ಸಿಲಿಂಡರ್. ಅದಕ್ಕೆ ಪವರ್ ಮಾತ್ರವಲ್ಲ, ದಿಕ್ಕೂ ಇರುತ್ತದೆ. ಚೀಟಿಯಲ್ಲಿ 'ಆಕ್ಸಿಸ್' ಎಂದು ಬರೆದಿರುವುದು ಅದೇ. ಗಾಜು 10 ಡಿಗ್ರಿ ತಿರುಗಿ ಕೂತರೆ ಸಿಲಿಂಡರ್‌ನಿಂದ ಆಗಬೇಕಾದ ಲಾಭದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಯಿತು. 30 ಡಿಗ್ರಿ ತಿರುಗಿದರೆ ಸಿಲಿಂಡರ್ ಹಾಕಿಯೂ ಹಾಕದಂತೆ. ಗುಂಡು ಫ್ರೇಮಿನ ಸ್ಕ್ರೂ ಸಡಿಲವಾದರೆ ಸಾಕು, ಗಾಜು ತಾನಾಗಿಯೇ ತಿರುಗುತ್ತದೆ. ಸಿಲಿಂಡರ್ ಗಾಜು ಸ್ಟಾಕ್ ಇಲ್ಲವೆಂದು ಬರೀ ಗುಂಡು ಪವರ್ ಹಾಕಿ ಕಳಿಸುವವರೂ ಇದ್ದಾರೆ. ಹಾಕಿಸಿಕೊಂಡವರಿಗೆ ಅದು ಗೊತ್ತೇ ಆಗುವುದಿಲ್ಲ.

ಮೂರನೆಯದು ಬೈಫೋಕಲ್, ಅಂದರೆ ಮೇಲೆ ದೂರ, ಕೆಳಗೆ ಓದು. ಸಾಮಾನ್ಯವಾಗಿ ಕೆಳಗಿನ ತುಂಡಿನ ಮೇಲಂಚು ಕೆಳರೆಪ್ಪೆಯ ಮಟ್ಟಕ್ಕೆ ಬರಬೇಕು. ಮೇಲೆ ಬಂದರೆ ನಡೆಯುವಾಗ ನೆಲ ಮಸುಕಾಗುತ್ತದೆ, ಬಸ್ಸಿನ ಮೆಟ್ಟಿಲು ತಪ್ಪುತ್ತದೆ. ತೀರಾ ಕೆಳಗಿದ್ದರೆ ಓದಲು ಗದ್ದ ಎತ್ತಿ ಎತ್ತಿ ಕುತ್ತಿಗೆ ನೋಯುತ್ತದೆ. ಅರವತ್ತು ದಾಟಿದ ಅವ್ವ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಯಾರೂ ಕನ್ನಡಕದ ಮೇಲೆ ಕೇಸು ಹಾಕುವುದಿಲ್ಲ. "ವಯಸ್ಸಾತು" ಎನ್ನುತ್ತಾರೆ, ಅಷ್ಟೆ.

ನಮ್ಮ ಹಿರಿಯರು ಡಾ. ಎಂ.ಸಿ. ಮೋದಿಯವರ ಕಣ್ಣಿನ ಶಿಬಿರಗಳನ್ನು ಇವತ್ತಿಗೂ ನೆನೆಯುತ್ತಾರೆ. ಕಣ್ಣಿನೊಳಗೆ ಲೆನ್ಸ್ ಇಡುವ ಪದ್ಧತಿ ಆಗ ನಮ್ಮಲ್ಲಿ ಇನ್ನೂ ರೂಢಿಗೆ ಬಂದಿರಲಿಲ್ಲ. ಪೊರೆ ತೆಗೆದ ಮೇಲೆ ಪ್ಲಸ್ 10ರ ಆಸುಪಾಸಿನ ಸೋಡಾ ಬಾಟಲಿಯಂಥ ಗಾಜು ಹಾಕಬೇಕಿತ್ತು. ಅಂಥ ಗಾಜು ಬರೀ 5 ಮಿಲಿಮೀಟರ್ ಸರಿದರೆ ಒಂದೇ ಕಣ್ಣಿಗೆ 5 ಪ್ರಿಸಂ ಡಯಾಪ್ಟರ್ ಎಳೆತ. ಡಾಕ್ಟರು ಎಷ್ಟೇ ಚೆನ್ನಾಗಿ ಆಪರೇಷನ್ ಮಾಡಲಿ, ಕೊನೆಗೆ ನೋಟ ನಿಲ್ಲುವುದು ಕನ್ನಡಕ ಕೂರಿಸಿದವನ ಕೈಯಲ್ಲಿ.

ಈ ಕೈ ನಮ್ಮ ಸೀಮೆಯ ದುಡಿಮೆಗೂ ಸೇರಿದ್ದು. ಹಿಂದಿಯಲ್ಲಿ ಚಾಲೀಸ್ ಎಂದರೆ ನಲವತ್ತು. ನಲವತ್ತಕ್ಕೆ ಹತ್ತಿರದ ನೋಟ ಕೈಕೊಡುತ್ತದೆ ಎಂದೇ ನಮ್ಮ ಜನ ಕನ್ನಡಕಕ್ಕೆ ಚಾಳೀಸು ಎಂದರು. ಹಡಗಲಿ ಮಲ್ಲಿಗೆ ಕಟ್ಟುವ ಅಕ್ಕ, ಸಂಡೂರಿನ ಲಂಬಾಣಿ ಕಸೂತಿ ಹಾಕುವ ತಾಯಿ, ಹೊಲಿಗೆ ಯಂತ್ರದ ಮುಂದೆ ಕೂತ ಅಣ್ಣ, ಅಕ್ಕಿಯಲ್ಲಿ ಕಲ್ಲು ಆರಿಸುವ ಅವ್ವ, ಇವರೆಲ್ಲರ ಕೆಲಸ ಒಂದು ಮೊಳದೊಳಗೆ ಕಾಣುವ ಕೆಲಸ. ಅಸ್ಸಾಮಿನಲ್ಲಿ ನಲವತ್ತು ದಾಟಿದ ಚಹಾ ಎಲೆ ಕೊಯ್ಯುವವರಿಗೆ ಹತ್ತಿರದ ನೋಟದ ಕನ್ನಡಕ ಕೊಟ್ಟು ಅಧ್ಯಯನ ಮಾಡಿದರು. ಫಲಿತಾಂಶ 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಪತ್ರಿಕೆಯಲ್ಲಿ ಬಂತು. ಕನ್ನಡಕ ಸಿಕ್ಕವರ ದಿನದ ಕೊಯ್ಲು, ಸಿಗದವರ ಕೊಯ್ಲಿಗಿಂತ ಶೇ. 21.7ರಷ್ಟು ಹೆಚ್ಚು ಏರಿತ್ತು. ಕೂಲಿಗೆ ಹೋಗುವವರಿಗೆ ಕನ್ನಡಕವೂ ಕುಡುಗೋಲಿನಂಥ ಒಂದು ಸಲಕರಣೆ. ಮೊಂಡ ಕುಡುಗೋಲನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಮೊಂಡ ಕನ್ನಡಕವನ್ನು ಮಾತ್ರ ಗೊತ್ತಿಲ್ಲದೆ ಕೊಳ್ಳುತ್ತಿದ್ದೇವೆ.

ಈಗ ಕಾನೂನಿನ ಮಾತು. ಬೈಕ್ ಓಡಿಸಲು ಆರ್‌ಟಿಓ ಮುಂದೆ ಎಂಟು ಹಾಕಿ ತೋರಿಸಬೇಕು. ಐಟಿಐ ಫಿಟ್ಟರ್ ಹುಡುಗ ಕಬ್ಬಿಣ ಅರದಿಂದ ತೀಡಿ ಅಳತೆಗೆ ತಂದು ತೋರಿಸಬೇಕು. ಕನ್ನಡಕದಂಗಡಿ ತೆರೆಯಲು ಟ್ರೇಡ್ ಲೈಸೆನ್ಸ್ ಇದ್ದರೆ ಸಾಕು. ಕೂರಿಸುವವನ ಕೈಗೆ ಕಡ್ಡಾಯ ಪರೀಕ್ಷೆ ಇಲ್ಲ. 2021ರಲ್ಲಿ ಸಂಸತ್ತು ಆರೋಗ್ಯ ಕ್ಷೇತ್ರದ ಸಹ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ತಂದು ಆಪ್ಟೊಮೆಟ್ರಿಸ್ಟರನ್ನು ಅದರೊಳಗೆ ಸೇರಿಸಿತು. ಒಳ್ಳೆಯದೇ. ಆದರೆ ಅವರು ಬರೆದ ಚೀಟಿಯನ್ನು ಗಾಜಿಗೆ ಇಳಿಸುವವರು ಅಂಗಡಿಯ ಕೈಗಳು. ಬ್ರಿಟನ್ನಿನಲ್ಲಿ 1958ರಲ್ಲೇ ಇದಕ್ಕೆ ಕಾಯ್ದೆ ಬಂತು. ಅಲ್ಲಿ ಡಿಸ್ಪೆನ್ಸಿಂಗ್ ಆಪ್ಟಿಷಿಯನ್ ಎಂದು ಬೋರ್ಡು ಹಾಕಲು ಜನರಲ್ ಆಪ್ಟಿಕಲ್ ಕೌನ್ಸಿಲ್‌ನಲ್ಲಿ ಹೆಸರಿರಬೇಕು. ಅಮೆರಿಕದಲ್ಲಿ ಕೆಲವು ರಾಜ್ಯಗಳು ಲೈಸೆನ್ಸ್ ಕೇಳುತ್ತವೆ, ಕೆಲವು ಕೇಳುವುದಿಲ್ಲ. ಎಲ್ಲ ಕಡೆ ಎಲ್ಲವೂ ಸರಿಯಿದೆ ಎಂದಲ್ಲ. ಇದು ಪರೀಕ್ಷೆ ಬೇಕಾದ ಕೆಲಸ ಎಂದು ಬಹಳ ಹಿಂದೆಯೇ ಒಪ್ಪಿಕೊಂಡವರಿದ್ದಾರೆ ಎಂದಷ್ಟೇ.

"ಪರೀಕ್ಷೆ ಬಿಗಿ ಮಾಡಿದರೆ ಹಳ್ಳಿ ಕಡೆ ಅಂಗಡಿಗಳೇ ಮುಚ್ಚುತ್ತವೆ. ಈಗ ಸಿಗುವ ಕನ್ನಡಕವೂ ಸಿಗುವುದಿಲ್ಲ" ಎಂದು ಒಬ್ಬ ಅಂಗಡಿ ಮಾಲೀಕರು ನಮಗೆ ಹೇಳಿದರು. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಅಂಗಡಿ ಮುಚ್ಚಿಸಿ ಎಂದು ನಾವು ಕೇಳುತ್ತಲೂ ಇಲ್ಲ. ಕೈ ಪಳಗಿದವರಿಗೆ ಕಾಗದ ಕೊಡಿ, ಕಾಗದ ಹಿಡಿದವರ ಕೈ ಪಳಗಿಸಿ ಎನ್ನುತ್ತಿದ್ದೇವೆ. ಅದಕ್ಕೆ ದಾರಿಯೂ ಇದೆ. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ, ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಭಾಗವಿದೆ. ಅದನ್ನು ಆರ್‌ಪಿಎಲ್ ಎನ್ನುತ್ತಾರೆ. ಆರು ವರ್ಷ ಗಾಜು ಉಜ್ಜಿದ ಹುಡುಗನಂಥವರಿಗೆ ಬೇಕಾಗಿರುವುದು ಅಂಥ ಬಾಗಿಲೇ. ಕನ್ನಡಕದ ಕೆಲಸಕ್ಕೂ ಅದು ತೆರೆಯಲಿ, ಅದೂ ನಮ್ಮ ಹತ್ತಿರದಲ್ಲಿ ತೆರೆಯಲಿ.

ಆದ್ದರಿಂದ ಅಧಿಕಾರಿಗಳಲ್ಲಿ, ಜನಪ್ರತಿನಿಧಿಗಳಲ್ಲಿ ನಾವು ಕೇಳುವುದು ನಾಲ್ಕೇ.

ಒಂದು, ಲೆನ್ಸೋಮೀಟರ್ ಇಲ್ಲದ ಕೇಂದ್ರದಲ್ಲಿ ಈ ಪ್ರಾಕ್ಟಿಕಲ್ ನಡೆಸಬೇಡಿ. ಹೆಸರು ಹೇಳಿಸಿದರೆ ಸಾಲದು, ಅಭ್ಯರ್ಥಿ ತಾನೇ ಅಳೆಯಲಿ.

ಎರಡು, ಪ್ರಶ್ನೆ ಕನ್ನಡದಲ್ಲಿರಲಿ. ಇಂಗ್ಲಿಷ್ ಬಾರದ ಕಾರಣಕ್ಕೆ ಪಳಗಿದ ಕೈ ಫೇಲ್ ಆಗಬಾರದು.

ಮೂರು, ಎದುರಿಗೆ ನಿಜವಾದ ಮನುಷ್ಯನನ್ನು ಕೂರಿಸಿ. ಒಬ್ಬರ ಕಿವಿ ಮೇಲೆ, ಒಬ್ಬರ ಮೂಗು ಓರೆ. ಫ್ರೇಮ್ ಬಗ್ಗಿಸಿ ಕೂರಿಸುವುದನ್ನು ಪುಸ್ತಕದಿಂದ ಕಲಿಯಲಾಗುವುದಿಲ್ಲ.

ನಾಲ್ಕು, ಕೆಲಸ ಕಲಿತವರ ಪರೀಕ್ಷೆಯನ್ನು ಕೊಟ್ಟೂರು, ಕೂಡ್ಲಿಗಿ, ಹಡಗಲಿಯಂಥ ತಾಲ್ಲೂಕು ಕೇಂದ್ರಗಳಲ್ಲೇ ನಡೆಸಿ. ಬಳ್ಳಾರಿಗೋ ಬೆಂಗಳೂರಿಗೋ ಹೋಗಿಬರಲು ಅವನು ಪಗಾರನ್ನೂ ಬಿಡಬೇಕು, ಬಸ್ ಚಾರ್ಜನ್ನೂ ಹಾಕಬೇಕು.

ಪರೀಕ್ಷೆಗೆ ಕೂರುವ ತಮ್ಮ, ತಂಗಿಯರಿಗೂ ಒಂದು ಮಾತು. ಝೆರಾಕ್ಸ್ ಹಾಳೆ ಮಡಚಿಡಿ. ಇವತ್ತಿಂದ ಹತ್ತು ದಿನ, ದಿನಕ್ಕೆ ಹತ್ತು ಜನರ ಪಾಪೆಯ ಅಂತರ ಅಳೆಯಿರಿ. ಬೇಕಾಗಿರುವುದು ಮಿಲಿಮೀಟರ್ ಸ್ಕೇಲ್ ಒಂದೇ. ಅವರ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಎದುರಿಗೆ ಕೂತು, ಅವರ ಬಲಗಣ್ಣನ್ನು ನಿಮ್ಮ ಎಡಗಣ್ಣಿನಿಂದ, ಎಡಗಣ್ಣನ್ನು ನಿಮ್ಮ ಬಲಗಣ್ಣಿನಿಂದ ನೋಡಿ. ಒಬ್ಬರದನ್ನೇ ಮೂರು ಸಲ ಅಳೆದಾಗ ಒಂದೇ ಸಂಖ್ಯೆ ಬರುವವರೆಗೆ ಬಿಡಬೇಡಿ.

ಮನೆಯಲ್ಲಿರುವ ಹಳೇ ಕನ್ನಡಕ ತೆರೆದು ಸಪಾಟಾದ ಮೇಜಿನ ಮೇಲೆ ತಲೆಕೆಳಗಾಗಿ ಇಡಿ. ನಾಲ್ಕು ಕಡೆ ಮೇಜು ತಾಗಬೇಕು. ತಾಗದಿದ್ದರೆ ಎಲ್ಲಿ ಓರೆಯಾಗಿದೆ ಎಂದು ಹುಡುಕಿ. ಕೈಯಲ್ಲಿ ಗಾಜು ಅಲುಗಾಡಿಸಿ ಪ್ಲಸ್ಸೋ ಮೈನಸ್ಸೋ ಎಂದು ಹೇಳುವುದನ್ನು ರೂಢಿ ಮಾಡಿಕೊಳ್ಳಿ.

ಪವರ್ ಬದಲಿಸಿ ಬರೆಯುವ ಲೆಕ್ಕ ದಿನಕ್ಕೆ ಐದು ಮಾಡಿ. +1.00, −2.00, ಆಕ್ಸಿಸ್ 90 ಎಂದಿದ್ದರೆ, ಎರಡೂ ಪವರ್ ಕೂಡಿಸಿ, ಸಿಲಿಂಡರ್‌ನ ಚಿಹ್ನೆ ಬದಲಿಸಿ, ಆಕ್ಸಿಸ್ 90 ಡಿಗ್ರಿ ತಿರುಗಿಸಿ. ಉತ್ತರ −1.00, +2.00, ಆಕ್ಸಿಸ್ 180. ಲೆನ್ಸೋಮೀಟರ್ ಮುಂದೆ ಕೂತಾಗ ಮೊದಲು ಕಣ್ಣಿಡುವ ಭಾಗವನ್ನು ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಅದನ್ನು ಮರೆತರೆ ಮುಂದಿನ ಅಳತೆಯೆಲ್ಲ ತಪ್ಪು. ಕೇಂದ್ರದಲ್ಲಿ ಯಂತ್ರ ಕೈಗೆ ಕೊಡದಿದ್ದರೆ ಕೇಳಿ. ಒಬ್ಬರೇ ಕೇಳಲು ಅಂಜಿಕೆಯಾದರೆ ಹತ್ತು ಜನ ಸೇರಿ ಕೇಳಿ.

ಕೊನೆಗೆ ಕನ್ನಡಕ ಹಾಕುವ ನಮ್ಮೆಲ್ಲರ ಪಾಲು. ಮನೆಮನೆ ತಪಾಸಣೆ ಮಾಡಿ ಉಚಿತ ಕನ್ನಡಕ ಕೊಡುವ ರಾಜ್ಯದ ಆಶಾಕಿರಣದಲ್ಲಿ ಸಿಕ್ಕಿರಲಿ, ಪೇಟೆಯ ಅಂಗಡಿಯಲ್ಲಿ ಕೊಂಡಿರಲಿ, ಹಾಕಿಕೊಂಡ ಕೂಡಲೇ ಎದ್ದು ಬರಬೇಡಿ. ಪಾಪೆಯ ಅಂತರವನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಗಿಲ ಚೌಕಟ್ಟು ನೆಟ್ಟಗೆ ಕಾಣುತ್ತದೆಯೇ ನೋಡಿ. ಹತ್ತು ಹೆಜ್ಜೆ ನಡೆಯಿರಿ, ಒಂದು ಮೆಟ್ಟಿಲು ಇಳಿಯಿರಿ, ಮೊಬೈಲಿನ ಅಕ್ಷರ ಓದಿ. ಸಿಲಿಂಡರ್ ಇದ್ದರೆ ಯಂತ್ರಕ್ಕೆ ಹಿಡಿದು ಆಕ್ಸಿಸ್ ತೋರಿಸಿ ಎಂದು ಕೇಳಿ. ಸರಿಯಾದ ಅಂಗಡಿಯವರು ಬೇಸರ ಮಾಡಿಕೊಳ್ಳುವುದಿಲ್ಲ. ಬೇಸರ ಮಾಡಿಕೊಂಡರೆ ಮುಂದಿನ ಸಲ ಬೇರೆ ಅಂಗಡಿಗೆ ಹೋಗಿ.

ಬಸ್ ನಿಲ್ದಾಣದ ಹುಡುಗನಿಗೆ ಆ ಸಂಜೆಯೇ ಫಿಟ್ಟಿಂಗ್ ಹುಡುಗನ ಪರಿಚಯ ಮಾಡಿಸಿದೆವು. ಈಗ ಅಂಗಡಿ ಮುಚ್ಚಿದ ಮೇಲೆ ಇಬ್ಬರೂ ಒಂದು ತಾಸು ಕೂರುತ್ತಾರೆ. ಒಬ್ಬ ಯಂತ್ರ ಕಲಿಸುತ್ತಾನೆ, ಇನ್ನೊಬ್ಬ ಎಸ್ಸೆಸ್ಸೆಲ್ಸಿ ಗಣಿತ ಹೇಳಿಕೊಡುತ್ತಾನೆ. ಸರ್ಕಾರ ಮಾಡಬೇಕಾದ ಕೆಲಸವನ್ನು ಇಬ್ಬರು ಹುಡುಗರು ಒಂದು ಬಲ್ಬಿನ ಕೆಳಗೆ ಮಾಡುತ್ತಿದ್ದಾರೆ. ಇದನ್ನು ಹೊಗಳಿ ಸುಮ್ಮನಾಗುವುದು ನಮಗೆ ಇಷ್ಟವಿಲ್ಲ. ಪರೀಕ್ಷೆ ನಡೆಸುವವರು ಇದನ್ನು ಓದಲಿ. ನಿಮ್ಮ ಊರಿನ ತರಬೇತಿ ಕೇಂದ್ರದಲ್ಲಿ ಯಂತ್ರ ಇದೆಯೇ, ಅದು ಹುಡುಗರ ಕೈಗೆ ಸಿಗುತ್ತಿದೆಯೇ ಎಂದು ನೀವೂ ಹೋಗಿ ನೋಡಿ, ನಮಗೆ ಬರೆದು ತಿಳಿಸಿ.